ದೀಪಕ್ಕೆ ಬೆನ್ನು

ಮಲೆನಾಡಿನ ಹೋಂಸ್ಟೇ ಒಂದರ ಕರಪತ್ರವನ್ನು ಸ್ನೇಹಿತರೊಬ್ಬರು ಕಳಿಸಿದ್ದರು. ಕಡುಬು, ಜಲಪಾತ, ಜೀಪು ಎಲ್ಲ ಆದ ಮೇಲೆ ಕೊನೆಗೊಂದು ಸಾಲು: ರಾತ್ರಿ ಊಟದ ನಂತರ ಪತಂಗ ದರ್ಶನ, ಫೋಟೊ ಖಾತರಿ. ಹುಲಿಗೆ ಯಾರೂ ಖಾತರಿ ಕೊಡಲಾರರು. ಪತಂಗಕ್ಕೆ ಕೊಡಬಹುದು ಎಂಬುದೇ ನನ್ನ ಕಸಿವಿಸಿ. ಚಂದ್ರನಿಲ್ಲದ, ಗಾಳಿಯಾಡದ, ಬೆಚ್ಚಗೆ ತೇವವಾದ ಒಂದು ರಾತ್ರಿ, ಎರಡು ಗೂಟಗಳ ನಡುವೆ ಎಳೆದು ಕಟ್ಟಿದ ಬಿಳಿ ಪಂಚೆ, ಅದರ ಮುಂದೆ ಪಾದರಸದ ದೀಪ. ಇಷ್ಟಿದ್ದರೆ ನೋಡನೋಡುತ್ತ ಪಂಚೆ ತುಂಬುತ್ತದೆ.

ಕಪ್ಪೆಗಳ ಬಗ್ಗೆ ಬರೆದಾಗ ಮುನಿಸಿಕೊಂಡ ಕ್ಯಾಮೆರಾ ಮಿತ್ರರು ಗಾಬರಿಯಾಗಬೇಕಿಲ್ಲ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ‘ಸಹಜ ಭಂಗಿ’ ಎಂದು ಅಡಿಬರಹ ಕೊಡುವುದು, ಸ್ಪ್ರೇ ಬಾಟಲಿಯಿಂದ ಇಬ್ಬನಿ ಸುರಿಸುವುದು, ಇವನ್ನೆಲ್ಲ ಈ ವಾರ ಎತ್ತುವುದಿಲ್ಲ. ಪಂಚೆಯ ಮುಂದೆ ನಿಲ್ಲುವವರು ಹೆಚ್ಚಾಗಿ ಸಜ್ಜನರು. “ನಾವು ಮುಟ್ಟಿಯೇ ಇಲ್ಲ, ಅವಾಗಿಯೇ ಬಂದವು” ಎನ್ನುತ್ತಾರೆ. ಕೆದಕಬೇಕಾದದ್ದು ಈ ‘ಅವಾಗಿಯೇ’ಯನ್ನು.

ನಮ್ಮಲ್ಲಿ ಪತಂಗದ ಮೇಲೆ ಹೊರಿಸಿದಷ್ಟು ಆಪಾದನೆಯನ್ನು ಇನ್ನಾವ ಹುಳದ ಮೇಲೂ ಹೊರಿಸಿಲ್ಲ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅದು ನಾಶವಾಗಲೆಂದೇ ಉರಿಗೆ ನುಗ್ಗುತ್ತದೆ. ಭಾಗವತದ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಅದನ್ನೂ ಸೇರಿಸಿಕೊಂಡ, ಆದರೆ ಕಲಿತದ್ದು ರೂಪಕ್ಕೆ ಮರುಳಾದವನ ಗತಿ ಏನೆಂಬುದನ್ನು. ಜಿಂಕೆ ಕಿವಿಯಿಂದ, ಆನೆ ಸ್ಪರ್ಶದಿಂದ, ಮೀನು ನಾಲಗೆಯಿಂದ, ದುಂಬಿ ಮೂಗಿನಿಂದ, ಪತಂಗ ಕಣ್ಣಿನಿಂದ ಕೆಡುತ್ತದೆಂಬ ಪಟ್ಟಿಯನ್ನು ಪ್ರವಚನಕಾರರು ಇವತ್ತಿಗೂ ಒಪ್ಪಿಸುತ್ತಾರೆ, ತಲೆಯ ಮೇಲಿನ ಟ್ಯೂಬ್‌ಲೈಟಿಗೆ ಹುಳಗಳು ಮುತ್ತಿರುವಾಗಲೇ. ಪಾರಸಿ ಕವಿಗಳು ಅದಕ್ಕೆ ಪ್ರೇಮಿಯ ಪಟ್ಟ ಕಟ್ಟಿದರು. ಬೈದರೂ ಹೊಗಳಿದರೂ ಆಸೆ ಮಾತ್ರ ಪತಂಗದ್ದೇ.

ವಿಜ್ಞಾನವೂ ಒಮ್ಮೆ ಕವಿಗಳ ಪರ ಸಾಕ್ಷಿ ಹೇಳಲು ಬಂದಿತ್ತು. 1977ರಲ್ಲಿ ಅಮೆರಿಕದ ಕೀಟಶಾಸ್ತ್ರಜ್ಞ ಫಿಲಿಪ್ ಕ್ಯಾಲಹನ್ ಒಂದು ವಾದ ಮುಂದಿಟ್ಟರು: ಮೇಣದ ಬತ್ತಿಯ ಉರಿಯ ಅತಿಗೆಂಪು ಕಿರಣಗಳು ಹೆಣ್ಣು ಪತಂಗದ ಗಂಧ ಹೊಮ್ಮಿಸುವ ಕಿರಣಗಳಂತೆಯೇ ಇವೆ, ಗಂಡು ಬೇಸ್ತು ಬೀಳುತ್ತದೆ. ಗಜಲ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ತೊಡಕೆಂದರೆ ಪತಂಗಗಳು ಮುಗಿಬೀಳುವುದು ಅತಿನೇರಳೆ ದೀಪಕ್ಕೆ. ಚಂದ್ರನನ್ನು ದಿಕ್ಸೂಚಿ ಮಾಡಿಕೊಂಡ ಹುಳ ದೀಪವನ್ನೇ ಚಂದ್ರನೆಂದು ತಿಳಿದು ಸುತ್ತುತ್ತದೆ ಎಂಬ ಇನ್ನೊಂದು ವಿವರಣೆಯನ್ನು ನಾವೆಲ್ಲ ಕೇಳಿ ಬೆಳೆದೆವು. ಅದರಲ್ಲೂ ಹುಳ ದೀಪವನ್ನು ನೋಡಿಕೊಂಡೇ ಹೋಗುತ್ತದೆ.

2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರ ಲೇಖನ ಬಂತು. ಅವರು ಕೋಸ್ಟರಿಕಾದ ಕಾಡಿನಲ್ಲೂ ಲಂಡನ್ನಿನ ಪ್ರಯೋಗಾಲಯದಲ್ಲೂ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ, ಹುಳಗಳು ದೀಪದ ಕಡೆಗೆ ನೇರವಾಗಿ ಹಾರುತ್ತಲೇ ಇರಲಿಲ್ಲ. ದೀಪಕ್ಕೆ ಬೆನ್ನು ಮಾಡುತ್ತಿದ್ದವು. ಇರುಳಿನಲ್ಲೂ ನೆಲಕ್ಕಿಂತ ಆಕಾಶವೇ ಬೆಳಕು. ಹಾರುವ ಹುಳಕ್ಕೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಸುತ್ತಿದ್ದುದು ಅದೇ: ಬೆಳಕಿಗೆ ಬೆನ್ನಿಟ್ಟರೆ ಹೊಟ್ಟೆ ನೆಲದ ಕಡೆಗಿರುತ್ತದೆ. ದೀಪ ಪಕ್ಕದಲ್ಲಿದ್ದರೆ ಹುಳ ವಾಲುತ್ತದೆ, ವಾಲಿದ್ದಕ್ಕೆ ತಿರುಗುತ್ತದೆ, ತಿರುಗಿ ತಿರುಗಿ ಸುತ್ತಿಗೆ ಬೀಳುತ್ತದೆ. ದೀಪ ಕೆಳಗಿದ್ದರೆ ಅಂಗಾತ ಮಗುಚಿ ಬೀಳುತ್ತದೆ. ಬಹು ದೂರದ ಹುಳಗಳ ಮಾತು ಬೇರೆ, ಇದು ದೀಪದ ಆಸುಪಾಸಿನ ಕಥೆ. ಪ್ರಯೋಗದಲ್ಲಿ ಈ ನಿಯಮಕ್ಕೆ ಸಿಗದೆ ಹೋದವುಗಳಲ್ಲೊಂದು ನಮ್ಮ ಅಂಗಳದ್ದೇ, ಕಣಗಿಲೆ ಎಲೆ ತಿಂದು ಬೆಳೆಯುವ ಹಸಿರು ಹಾಕ್ ಪತಂಗ.

ಅಲ್ಲಿಗೆ ರೂಪಮೋಹದ ಆಪಾದನೆ ಬಿತ್ತು. ಪಂಚೆಯ ಮೇಲೆ ಕೂತದ್ದು ಬಂದ ಅತಿಥಿಯಲ್ಲ, ದಾರಿ ಕೆಟ್ಟು ಸಿಕ್ಕಿಕೊಂಡದ್ದು. ಅಟ್ಲಾಸ್ ಪತಂಗವನ್ನು ಹತ್ತಿರದಿಂದ ನೋಡಿ: ಅಂಗೈ ಮೀರಿದ ರೆಕ್ಕೆ, ಅದರಲ್ಲಿ ಗಾಜಿನ ಚೂರಿನಂಥ ತ್ರಿಕೋನ ಕಿಂಡಿಗಳು, ಗಂಡಿಗಾದರೆ ಜರೀಗಿಡದ ಎಲೆಯಂತೆ ಹರಡಿದ ಮೀಸೆ. ತಿನ್ನಲು ಬಾಯಿಲ್ಲ. ಕಂಬಳಿಹುಳವಾಗಿದ್ದಾಗ ಕೂಡಿಟ್ಟ ಕೊಬ್ಬೇ ಕೊನೆಯವರೆಗಿನ ಬುತ್ತಿ, ಆಯಸ್ಸು ಒಂದೆರಡು ವಾರ. ಹೆಣ್ಣನ್ನು ಹುಡುಕಬೇಕಾದ ಇರುಳುಗಳಲ್ಲೊಂದನ್ನು ಅದು ನಮ್ಮ ಪಂಚೆಯ ಮೇಲೆ ಕಳೆದರೆ ಮುಟ್ಟದಿರುವ ಸಭ್ಯತೆಯಿಂದ ಅದಕ್ಕೇನು ಬಂತು? ಬೆಳಗಾದರೆ ಕಾಜಾಣ, ಪಿಕಳಾರಗಳು ಪಂಚೆಯ ಮುಂದೆ ಪಂಕ್ತಿ ಕೂರುತ್ತವೆ. ಪತಂಗ ಕರೆಸಲೇಬೇಕೆನ್ನುವವರು ಗಂಟೆ ಹೊತ್ತು ಕರೆಸಿ, ದೀಪ ಆರಿಸಿ, ಪಂಚೆಯನ್ನು ಮೆಲ್ಲಗೆ ಕೊಡವಿ ಮಲಗಲಿ. ಕಳಿತ ಬಾಳೆಹಣ್ಣಿಗೆ ಬೆಲ್ಲ ಕಿವುಚಿ ಮರದ ಕಾಂಡಕ್ಕೆ ಬಳಿದರೂ ಕೆಲವು ಪತಂಗಗಳು ಬರುತ್ತವೆ. ಹಗಲಾದರೆ ಹಳ್ಳದ ಒದ್ದೆ ಮರಳಿನಲ್ಲಿ ಉಪ್ಪು ಹೀರಲು ಗಂಡು ಚಿಟ್ಟೆಗಳು ಗುಂಪುಗಟ್ಟುತ್ತವೆ. ಅವು ಅವಾಗಿಯೇ ಬಂದವು. ಹೊಟ್ಟೆ ತುಂಬಿದ ಮೇಲೆ ಅವಾಗಿಯೇ ಹೋಗುತ್ತವೆ.

ಇಷ್ಟು ಬರೆದ ಮೇಲೆ, ಛಾಯಾಗ್ರಾಹಕರನ್ನು ಕಟಕಟೆಗೆ ಹತ್ತಿಸಿದ್ದು ಅನ್ಯಾಯವೆನಿಸುತ್ತಿದೆ. ಪಂಚೆಯ ದೀಪವನ್ನು ಆರಿಸಲು ಅಲ್ಲೊಬ್ಬ ಮನುಷ್ಯನಾದರೂ ಇದ್ದಾನೆ. ಅದೇ ಹೋಂಸ್ಟೇಯ ಗೇಟಿನ ದೀಪ, ಪಾರ್ಕಿಂಗಿನ ಫ್ಲಡ್‌ಲೈಟು ಬೆಳಗಿನವರೆಗೆ ಉರಿಯುತ್ತವೆ, ಅವುಗಳ ಕೆಳಗೆ ಕ್ಯಾಮೆರಾ ಹಿಡಿದು ಯಾರೂ ನಿಲ್ಲುವುದಿಲ್ಲ. ಮೊದಲ ಮಳೆಗೆ ರೆಕ್ಕೆಯ ಗೆದ್ದಲು ಎದ್ದಾಗ ನಮ್ಮ ಮನೆಗಳಲ್ಲಿ ದೀಪ ಆರಿಸಿಬಿಡುತ್ತಿದ್ದರು. ಅದು ಊಟದ ತಟ್ಟೆಯ ಮೇಲಿನ ಕಾಳಜಿ, ಗೆದ್ದಲಿನ ಮೇಲಿನದಲ್ಲ, ಆದರೂ ಆರುತ್ತಿತ್ತು. ಈಗಿನ ಹೊಸ ಶೋಕಿ ಅಡಿಕೆ ಮರದ ಬುಡದಲ್ಲಿ ನೆಲಕ್ಕೆ ಹುಗಿದು ಮೇಲ್ಮುಖವಾಗಿ ಬಿಟ್ಟ ಎಲ್‌ಇಡಿ. ಹುಳಗಳನ್ನು ಅಂಗಾತ ಕೆಡವುವುದು ಅದೇ ಬಗೆಯ ಬೆಳಕು.

ಅಂಥ ತೋಟದ ಮಾಲೀಕರೊಬ್ಬರಿಗೆ ಇದನ್ನೆಲ್ಲ ವಿವರಿಸಿ, ಮಬ್ಬು ಹಳದಿ ಬಲ್ಬು ಹಾಕಿ, ಮೇಲೊಂದು ಮುಚ್ಚಿಗೆ ಕಟ್ಟಿ, ಬೆಳಕು ಕಾಲುದಾರಿಗೆ ಮಾತ್ರ ಬೀಳಲಿ ಎಂದೆ. ಸಾವಧಾನವಾಗಿ ಕೇಳಿಸಿಕೊಂಡರು.

“ನೀವು ಹೇಳೋದು ಸರಿ ಸಾರ್. ಆದ್ರೆ ಹಂಗೆ ಮಾಡಿದ್ರೆ ಡ್ರೋನ್ ವಿಡಿಯೋದಲ್ಲಿ ತೋಟ ಕಾಣಲ್ವಲ್ಲ!”