ಬಹಿಷ್ಕಾರದ ಬ್ಯಾನರನ್ನೂ ಓದೋಣ

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಚಿಂತಾಕಿ ತೆಲಂಗಾಣದ ಗಡಿಗೆ ಹತ್ತಿರದ ಊರು. ಈ ಸೀಮೆಯವರು ಕಳೆದ ಲೋಕಸಭಾ ಚುನಾವಣೆಗೆ ಮತ ಹಾಕಿದ್ದು 2024ರ ಮೇ 7ರಂದು, ನೆತ್ತಿ ಸುಡುವ ಬಿಸಿಲಿನಲ್ಲಿ. ಆ ಹೊತ್ತಿಗೆ ಎಷ್ಟೋ ಮಂದಿ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿರುತ್ತಾರೆ. ಇಂಥ ಕಡೆ ‘ತಪ್ಪದೇ ಮತ ಹಾಕಿ’ ಎಂದು ಮತದಾರರ ಜಾಗೃತಿಯ ಸ್ವೀಪ್ ಸಮಿತಿಗಳು ಜಾಥಾ ನಡೆಸುವುದು, ಗೋಡೆಗೆ ಬರೆಸುವುದು ಬೇಕಾದ ಕೆಲಸವೇ.

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇನ್ನೊಂದು ಬರಹವೂ ಕಾಣುತ್ತದೆ. ರಸ್ತೆ ಆಗುವವರೆಗೆ, ನೀರು ಬರುವವರೆಗೆ ಮತದಾನ ಬಹಿಷ್ಕಾರ ಎಂದು ಊರ ಬಾಗಿಲಿಗೆ ಕಟ್ಟಿದ ಬ್ಯಾನರ್. ಕೆಳಗೆ ‘ಸಮಸ್ತ ಗ್ರಾಮಸ್ಥರು’ ಎಂಬ ಸಹಿ. ಅಧಿಕಾರಿಗಳು ಬರುತ್ತಾರೆ, ಭರವಸೆ ಕೊಡುತ್ತಾರೆ, ಬ್ಯಾನರ್ ಇಳಿಯುತ್ತದೆ. ಆಮೇಲೆ ಆ ಬೇಡಿಕೆ ಏನಾಯಿತು? ನನ್ನ ತಕರಾರು ಅಲ್ಲಿಂದ ಶುರು.

ಬಹಿಷ್ಕಾರದ ಪರವಾಗಿ ನಾನಿಲ್ಲ. ಊರಿನ ನಾಲ್ಕು ಜನ ಕೂತು ತೀರ್ಮಾನಿಸಿ, ತಾಂಡಾದ ಹೆಣ್ಣುಮಗಳ ಓಟನ್ನು ತಡೆದರೆ ಅದು ಅನ್ಯಾಯ. ಸಿಟ್ಟು ಎಲ್ಲಿಗೆ ಮುಟ್ಟಬಹುದೆಂಬುದನ್ನು 2024ರ ಏಪ್ರಿಲ್ 26ರಂದು ಚಾಮರಾಜನಗರ ಜಿಲ್ಲೆಯ ಇಂಡಿಗನತ್ತದಲ್ಲಿ ಕಂಡೆವು. ಸೌಕರ್ಯವಿಲ್ಲವೆಂದು ಮತದಾನ ಬೇಡವೆಂದಿದ್ದ ಊರದು. ಮತಗಟ್ಟೆ ಧ್ವಂಸವಾಗಿ 29ಕ್ಕೆ ಮರುಮತದಾನ ನಡೆಯಿತು. ಕಾಡಂಚಿನ ಆ ಜನರ ಮಾತನ್ನು ಮೊದಲೇ ಕೇಳಿದ್ದರೆ ಎಂದು ಮನಸ್ಸು ಇಂದಿಗೂ ಮರುಗುತ್ತದೆ.

ಅಸಮಾಧಾನ ಹೇಳುವ ಜಾಗವನ್ನೇ ಮುಚ್ಚಿದ ದೇಶವೂ ಇದೆ. ರಷ್ಯಾದ ಮತಪತ್ರದಲ್ಲಿ ‘ಎಲ್ಲರ ವಿರುದ್ಧ’ ಎಂಬ ಸಾಲಿತ್ತು. 2006ರಲ್ಲಿ ರಾಷ್ಟ್ರಮಟ್ಟದ ಚುನಾವಣೆಗಳಿಂದ ಅದನ್ನು ತೆಗೆದರು. 2018ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸ್ಪರ್ಧೆಗೆ ಅವಕಾಶ ಸಿಗದ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ ಮತದಾರರ ಮುಷ್ಕರಕ್ಕೆ ಕರೆಕೊಟ್ಟರು. 2021ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಗೋಡೆಯೊಂದರ ಮೇಲೆ ಮೂಡಿದ ಅವರ ಚಿತ್ರಕ್ಕೆ ಕೆಲವೇ ಗಂಟೆಗಳಲ್ಲಿ ಬಣ್ಣ ಬಳಿಯಲಾಯಿತು. ನಮ್ಮಲ್ಲಿ ದಾರಿ ಬೇರೆ: 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮತಯಂತ್ರಕ್ಕೆ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿ ಬಂತು. ಆದರೆ ನೋಟಾದ ಗುಂಡಿಗೆ ‘ನಮ್ಮೂರಿಗೆ ಸೇತುವೆ ಇಲ್ಲ’ ಎಂದು ಹೇಳಲು ಬರುವುದಿಲ್ಲ. ಬ್ಯಾನರ್ ಹೇಳುತ್ತದೆ.

ನೀತಿಸಂಹಿತೆ ಬಂದ 24 ಗಂಟೆಯೊಳಗೆ ಸರ್ಕಾರಿ ಕಟ್ಟಡಗಳ ಮೇಲಿನ ರಾಜಕೀಯ ಗೋಡೆಬರಹ, ಪೋಸ್ಟರ್ ತೆಗೆಸುವಷ್ಟು ಚುರುಕು ನಮ್ಮ ಆಡಳಿತಕ್ಕಿದೆ. ಅದೇ ಚುರುಕಿನಿಂದ ಇಳಿಸಿದ ಬ್ಯಾನರಿನ ಬೇಡಿಕೆಯನ್ನು ತಾರೀಖು ಹಾಕಿ ಅರ್ಜಿಯಾಗಿ ದಾಖಲಿಸಲಿ. ಫಲಿತಾಂಶ ಬಂದ ಮೇಲಿನ ಮೊದಲ ಗ್ರಾಮಸಭೆಯಲ್ಲಿ ಅದನ್ನು ಓದಿ, ಉತ್ತರ ಕೊಡಲಿ.

ಬೀದರ್, ಭಾಲ್ಕಿ, ಔರಾದ್ ಕಡೆಯ ಓದುಗರು ತಮ್ಮೂರಿನ ಇಂಥ ಬರಹಗಳ ಫೋಟೊ ಕಳಿಸಿ. ಕನ್ನಡ, ಮರಾಠಿ, ಉರ್ದು, ತೆಲುಗು, ಯಾವ ಭಾಷೆಯದಾದರೂ ಸರಿ. ಊರಿನ ಬೇಡಿಕೆ ಈಡೇರಿತೇ ಎಂಬುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.