ಕಲ್ಲು ಮಾತ್ರ ಕೇಳಿದರೆ ಸಾಲದು

ಮಳೆಗಾಲ ಬಂತೆಂದರೆ ಉಪ್ಪನ ಅಂಗಡಿಯಲ್ಲಿ ಒಂದೇ ಮಾತು: ‘ಉಳ್ಳಾಲದಲ್ಲಿ ಕಡಲ್ಕೊರೆತ, ನಾಲ್ಕು ಲೋಡು ಕಲ್ಲು ಹಾಕಿದ್ದರೆ ಸಾಕಿತ್ತು.’ ಸಾಕಾಗುವುದಿಲ್ಲ ಉಪ್ಪಾ.

ನೇತ್ರಾವತಿ-ಗುರುಪುರ ಅಳಿವೆಯ ಬ್ರೇಕ್‌ವಾಟರ್ ಬೇಡವೆನ್ನಲಾರೆ. ಅಳಿವೆ ದಾಟುವ ಬೋಟಿನವರ ಜೀವದ ಪ್ರಶ್ನೆಯದು. ಆದರೆ ಓರೆಯಾಗಿ ಬರುವ ಅಲೆ ದಡದುದ್ದಕ್ಕೂ ಮರಳು ಸಾಗಿಸುತ್ತದೆ. ಗೋಡೆ ಅದನ್ನು ತಡೆದರೆ ಒಂದು ಬದಿ ತುಂಬುತ್ತದೆ, ಇನ್ನೊಂದು ಸವೆಯುತ್ತದೆ. ಸವೆದಲ್ಲಿ ಕಲ್ಲು ಸುರಿದರೆ, ಬಡಿದು ಹಿಂದಿರುಗುವ ಅಲೆ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಕಲ್ಲು ಕುಸಿಯುತ್ತದೆ. ಮರುವರ್ಷ ಮತ್ತೆ ಟೆಂಡರು!

ಬಂದರು ಕಟ್ಟುವ ಖರ್ಚಿನಲ್ಲೇ ಮರಳಿನ ಲೆಕ್ಕವೂ ಇರಬೇಕು: ತುಂಬಿದ ಕಡೆಯಿಂದ, ಅಳಿವೆಯ ಹೂಳಿನಿಂದ ಮರಳೆತ್ತಿ ಪ್ರತಿವರ್ಷ ಸವೆದ ದಡಕ್ಕೆ ಹಾಕಬೇಕು. ಮನೆ ಕಳಕೊಳ್ಳುವವರು ಬಂದರಿನ ಬಾಕಿ ತೀರಿಸಬೇಕೇ? ನಮ್ಮ ಮಂಜೇಶ್ವರ ಬಂದರಿಗೂ ಎರಡು ಬ್ರೇಕ್‌ವಾಟರ್ ಇವೆ. ಇಲ್ಲೂ ಇದನ್ನೇ ಕೇಳೋಣ.