ಮರುಭೂಮಿಯಲ್ಲಿ ಕಾರು ಕೆಟ್ಟರೆ ನಡೆದು ಹೋಗಬೇಕೇ? ಔಟ್‌ಬ್ಯಾಕ್ ಪ್ರವಾಸದ ಬಗ್ಗೆ ಹರಿದಾಡುವ ಸಲಹೆಗಳು ಎಷ್ಟು ನಿಜ

"ನೆಟ್‌ವರ್ಕ್ ಇಲ್ಲದಿದ್ದರೂ 112 ಒತ್ತಿ, ಕಾಲ್ ಹೋಗುತ್ತದೆ." "ನೀರು ಮುಗಿದರೆ ಪಾಪಸುಕಳ್ಳಿ ಕತ್ತರಿಸಿ ರಸ ಕುಡಿಯಿರಿ." "ಇರುವ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಳ್ಳಿ." ಇಂಥ ಫಾರ್ವರ್ಡ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮಕ್ಕಳು ಮೆಲ್ಬರ್ನ್‌ನಲ್ಲೋ ಅಡಿಲೇಡ್‌ನಲ್ಲೋ ಇದ್ದು, ರಜೆಯಲ್ಲಿ ಟೆಂಟ್ ಕಟ್ಟಿಕೊಂಡು ಕಾರಿನಲ್ಲಿ ಉಲುರು ನೋಡಲು ಹೊರಟಿದ್ದರೆ, ಅವರಿಗೂ ನೀವು ಅದನ್ನು ಕಳಿಸಿರಬಹುದು. ದಯವಿಟ್ಟು ಮೊದಲು ಇದನ್ನು ಓದಿ.

ದೂರದ ಅಂದಾಜು ಇರಲಿ. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಸ್ಟುವರ್ಟ್ ಹೈವೇಯಲ್ಲಿ ಸುಮಾರು 1,500 ಕಿ.ಮೀ. ಬೀದರ್‌ನಿಂದ ಬೆಂಗಳೂರಿಗೆ ಬಂದು ಮತ್ತೆ ಬೀದರ್‌ಗೆ ವಾಪಸ್ ಹೋದಷ್ಟು. ನಡುವೆ ಗ್ಲೆಂಡಾಂಬೊದಿಂದ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಇದು ಡಾಂಬರು ರಸ್ತೆಯ ಮಾತು. ಸಿಂಪ್ಸನ್ ಮರುಭೂಮಿಯಂಥ ಕಡೆ ಸಾಲುಸಾಲು ಮರಳು ದಿಬ್ಬಗಳು ಸಾವಿರಕ್ಕೂ ಹೆಚ್ಚಿವೆ. ಬಿಸಿಲಿನ ಕಾರಣಕ್ಕೆ ಅಲ್ಲಿನ ಸಂರಕ್ಷಿತ ಪ್ರದೇಶವನ್ನು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚಿಬಿಡುತ್ತಾರೆ.

ಮೊದಲು 112. ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000. ಮೊಬೈಲ್‌ನಿಂದ 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಸಿಮ್‌ನ ಕಂಪನಿಗೆ ಸಿಗ್ನಲ್ ಇಲ್ಲದಿದ್ದರೆ, ಹತ್ತಿರದಲ್ಲಿ ಬೇರೆ ಕಂಪನಿಯ ಟವರ್ ಇದ್ದರೆ ಅದರ ಮೂಲಕ ಕಾಲ್ ಹೋಗುತ್ತದೆ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇಷ್ಟೇ. ಯಾವ ಕಂಪನಿಯ ಟವರೂ ಇಲ್ಲದ ಜಾಗದಲ್ಲಿ 112 ಕೂಡ ಸುಮ್ಮನೆ. ಔಟ್‌ಬ್ಯಾಕ್‌ನ ಬಹುಭಾಗ ಅಂಥದ್ದೇ. ಅಲ್ಲಿ ಕೆಲಸಕ್ಕೆ ಬರುವುದು ಸ್ಯಾಟಲೈಟ್ ಫೋನ್, ಇಲ್ಲವೇ ಬಟನ್ ಒತ್ತಿದರೆ ಉಪಗ್ರಹಕ್ಕೆ ನೀವಿರುವ ಜಾಗ ತಿಳಿಸುವ ಬೀಕನ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ ಅದು.

ಫೋನಿನ ಮ್ಯಾಪ್ ಮೇಲೂ ಪೂರ್ತಿ ಭರವಸೆ ಬೇಡ. 2012ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಪೊಲೀಸರು ಸಾರ್ವಜನಿಕ ಎಚ್ಚರಿಕೆಯನ್ನೇ ಕೊಡಬೇಕಾಯಿತು. ಮಿಲ್ಡೂರಾ ಎಂಬ ಊರನ್ನು ಆಪಲ್ ಮ್ಯಾಪ್ಸ್ ಸುಮಾರು 70 ಕಿ.ಮೀ. ಆಚೆ, ಮರ್ರಿ-ಸನ್‌ಸೆಟ್ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು. ಹಾಗೆ ಹೋದವರಲ್ಲಿ ಕೆಲವರು 24 ಗಂಟೆಯವರೆಗೂ ಅನ್ನ ನೀರಿಲ್ಲದೆ ಸಿಕ್ಕಿಕೊಂಡಿದ್ದರು. ತಪ್ಪನ್ನು ಆಮೇಲೆ ಸರಿಪಡಿಸಿದರು. ಕಾಗದದ ನಕ್ಷೆ ಒಂದು ಇರಲಿ.

ಈಗ ಜೀವ ತೆಗೆಯುವ ವಿಷಯಕ್ಕೆ ಬರೋಣ. ಕಾರು ಕೆಟ್ಟಾಗ ಎಲ್ಲರಿಗೂ ಬರುವ ಮೊದಲ ಯೋಚನೆ, "ನಡೆದು ಹೋಗಿ ಸಹಾಯ ತರುತ್ತೇನೆ." ನಮ್ಮೂರಲ್ಲಿ ಅದು ಸರಿ, ಎರಡು ಕಿ.ಮೀ. ನಡೆದರೆ ಯಾರಾದರೂ ಸಿಗುತ್ತಾರೆ. ಅಲ್ಲಿ ಲೆಕ್ಕ ಹಾಕಿ ನೋಡಿ. 40 ಡಿಗ್ರಿ ಬಿಸಿಲಲ್ಲಿ ನಡೆಯುವವರ ದೇಹದಿಂದ ಗಂಟೆಗೆ ಸುಮಾರು ಒಂದು ಲೀಟರ್ ಬೆವರು ಹೋಗುತ್ತದೆ. 30 ಕಿ.ಮೀ. ನಡೆಯಲು ಏಳೆಂಟು ಗಂಟೆ ಬೇಕು. ಅಂದರೆ ಏಳೆಂಟು ಲೀಟರ್ ನೀರು ಹೊತ್ತು ನಡೆಯಬೇಕು, ಅದೂ ಒಬ್ಬರಿಗೆ. ಮಕ್ಕಳಿದ್ದರೆ ಕೇಳುವುದೇ ಬೇಡ. 1963ರ ಡಿಸೆಂಬರ್‌ನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್ ಎಂಬ ಮಣ್ಣುದಾರಿಯ ಸೀಮೆಯಲ್ಲಿ ಅಪ್ಪ, ಅಮ್ಮ, ಮೂವರು ಗಂಡುಮಕ್ಕಳ ಕುಟುಂಬವೊಂದು ದಾರಿ ತಪ್ಪಿತು. ಪೆಟ್ರೋಲ್ ಮುಗಿಯಿತು. ಐವರೂ ಬಾಯಾರಿಕೆಯಿಂದ ಸತ್ತರು.

ಹುಡುಕುವ ವಿಮಾನಕ್ಕೆ ಮೇಲಿನಿಂದ ಕಾರು ಕಾಣುತ್ತದೆ, ಗಾಜು ಹೊಳೆಯುತ್ತದೆ. ಪೊದೆಯ ನೆರಳಲ್ಲಿ ಬಿದ್ದ ಮನುಷ್ಯ ಕಾಣುವುದಿಲ್ಲ. ಅದಕ್ಕೇ ಅಲ್ಲಿನ ಪೊಲೀಸರು ಪದೇ ಪದೇ ಹೇಳುವುದು, ಕಾರು ಬಿಟ್ಟು ಹೋಗಬೇಡಿ. ಹಾಗಂತ ಕಾರಿನ ಒಳಗೆ ಕೂರುವುದಲ್ಲ. ಒಳಗೆ ಹೊರಗಿಗಿಂತ ಹೆಚ್ಚು ಬಿಸಿ. ಕಾರಿಗೆ ಟಾರ್ಪಾಲು ಕಟ್ಟಿ ನೆರಳು ಮಾಡಿಕೊಂಡು, ಹಗಲಲ್ಲಿ ಅಲುಗಾಡದೆ ಇರಬೇಕು. ಯಾವ ದಾರಿ, ಯಾವ ದಿನ ತಲುಪುತ್ತೇವೆ ಎಂದು ಹೊರಡುವ ಮೊದಲೇ ಯಾರಿಗಾದರೂ ಹೇಳಿದ್ದರೆ ಹುಡುಕಾಟ ಬೇಗ ಶುರುವಾಗುತ್ತದೆ.

ನೀರನ್ನು ಗುಟುಕು ಲೆಕ್ಕದಲ್ಲಿ ಉಳಿಸುವ ಸಲಹೆಯೂ ತಪ್ಪೇ. ಬಾಟಲಿಯಲ್ಲಿರುವ ನೀರು ರಕ್ತದ ಕೆಲಸಕ್ಕೆ ಬರುವುದಿಲ್ಲ. ಬಾಯಾರಿದಾಗ ಕುಡಿಯಿರಿ, ಉಳಿಸಬೇಕಾದದ್ದು ಬೆವರನ್ನು. ಹೊರಡುವಾಗಲೇ ತಲೆಗೆ ದಿನಕ್ಕೆ ಐದು ಲೀಟರ್‌ಗಿಂತ ಕಡಿಮೆ ಬೇಡ, ಬೇಸಿಗೆಯಲ್ಲಿ ಇನ್ನೂ ಹೆಚ್ಚು, ಜೊತೆಗೆ ಕೆಲವು ದಿನಗಳಿಗೆ ಹೆಚ್ಚುವರಿ. ಪಾಪಸುಕಳ್ಳಿಯ ಮಾತು ಕೇಳಿದರೆ ನಗು ಬರುತ್ತದೆ. ಆಸ್ಟ್ರೇಲಿಯಾಕ್ಕೆ ಆ ಗಿಡವೇ ಸ್ವಂತದ್ದಲ್ಲ, ಅಮೆರಿಕ ಖಂಡದಿಂದ ತಂದದ್ದು. ಅದರ ರಸ ಹೊಟ್ಟೆ ಕೆಡಿಸಿ, ವಾಂತಿಭೇದಿಯಾದರೆ ಇರುವ ನೀರೂ ಹೋಗುತ್ತದೆ. ರೇಡಿಯೇಟರ್ ನೀರಂತೂ ಮುಟ್ಟಲೇಬಾರದು. ಅದಕ್ಕೆ ಬೆರೆಸುವ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ಕಿಡ್ನಿ ಹಾಳುಮಾಡುವ ವಿಷ.

"ಮರುಭೂಮಿ ತಾನೇ, ಹೊದಿಕೆ ಯಾಕೆ" ಎನ್ನುವವರಿಗೆ ಎರಡು ಅಂಕಿ: ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿತ್ತು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1976ರ ಜುಲೈನ ಒಂದು ದಿನ ಸೊನ್ನೆಗಿಂತ 7.5 ಡಿಗ್ರಿ ಕೆಳಗೆ ಇಳಿದಿತ್ತು. ಪ್ರವಾಸಕ್ಕೆ ಒಳ್ಳೆಯ ಕಾಲ ಎನ್ನುವ ಜೂನ್-ಜುಲೈನಲ್ಲೇ ಟೆಂಟ್‌ನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಒಣಗಿದ ಹಳ್ಳದ ಮರಳು ಮೆತ್ತಗಿದೆ ಎಂದು ಅಲ್ಲಿ ಟೆಂಟ್ ಹಾಕುವುದೂ ಬೇಡ. ಎಲ್ಲೋ ದೂರದಲ್ಲಿ ಸುರಿದ ಮಳೆ ರಾತ್ರಿ ಅಲ್ಲಿಗೆ ಬರಬಹುದು.

ಹಾವಿನ ಭಯದ ಬಗ್ಗೆ ಒಂದು ಮಾತು, ಇದು ಕರ್ನಾಟಕದಲ್ಲಿರುವ ನಿಮಗೇ. ಅಲ್ಲಿ ಹಾವು ಕಚ್ಚಿದರೆ ಇಡೀ ಕೈ ಅಥವಾ ಕಾಲಿಗೆ ಒತ್ತಿ ಬ್ಯಾಂಡೇಜ್ ಸುತ್ತಿ, ಅಲುಗಾಡದಂತೆ ಮಲಗಿಸುತ್ತಾರೆ. ಅಲ್ಲಿನ ವಿಷದ ಹಾವುಗಳು ಬಹುತೇಕ ನಾಗರಹಾವಿನ ಕುಟುಂಬದವು, ಆದ್ದರಿಂದ ಅದು ಸರಿ. ಆ ವಿಡಿಯೋ ನೋಡಿ ಇಲ್ಲಿ ಕೊಳಕುಮಂಡಲ ಕಚ್ಚಿದ ಕಾಲಿಗೆ ಹಾಗೆ ಬಿಗಿಯಾಗಿ ಸುತ್ತಬೇಡಿ. ಅದರ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಬಿಗಿದು ಅಲ್ಲೇ ಹಿಡಿದಿಟ್ಟರೆ ಹಾನಿ ಹೆಚ್ಚು. ಕಾಲನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.